ಹತ್ತೊಂಬತ್ತನೇ ಮಹಡಿಯ ಮನೆ ಉರುಳದಿರಲೆಂದು

ನಮ್ಮ ಮನೆಯ ಹಾಲ್‌ನಲ್ಲಿ, ಕಿಟಕಿಯ ಕೆಳಗಿನ ಗೋಡೆಗೆ ಒತ್ತಿಕೊಂಡು ಒಂದು ಮರದ ತುಂಡು ಇದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಳಿಜಾರು, ಮೇಲೆ ಹಳೇ ಟೈರಿನ ರಬ್ಬರು ಹೊಡೆದದ್ದು. ಲಾರಿಯವರು ಏರಿನಲ್ಲಿ ಗಾಡಿ ನಿಲ್ಲಿಸಿದಾಗ ಗಾಲಿಗೆ ಅಡ್ಡ ಕೊಡುತ್ತಾರಲ್ಲ, ಅದೇ. ಕಿಟಕಿಯ ಹತ್ತಿರ ಬಂದವರೆಲ್ಲ ಅದಕ್ಕೆ ಎಡವುತ್ತಾರೆ. ಎಡವಿದ ಮೇಲೆ ಇದೇನು ಎಂದು ಕೇಳುತ್ತಾರೆ. ಮನೆ ಉರುಳಬಾರದಲ್ಲ, ಅದಕ್ಕೆ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ನಗುವುದಿಲ್ಲ. ನಾವು ಇರುವುದು ಥಾಣೆಯಲ್ಲಿ, ಹತ್ತೊಂಬತ್ತನೇ ಮಹಡಿಯಲ್ಲಿ.

ಅದನ್ನು ತೆಗೆದು ಒಗೆಯಬಾರದೇ ಎಂದು ನೀವೂ ಕೇಳಬಹುದು. ಅಲ್ಲಿ ಇಟ್ಟವರು ಯಾರು ಎಂದು ನಿಮಗೆ ಗೊತ್ತಿಲ್ಲ, ಹಾಗಾಗಿ ಕೇಳುತ್ತೀರಿ. ಗೊತ್ತಾಗಬೇಕಾದರೆ ನಾವು ಬಸ್ಸಿನಲ್ಲಿ ಸಂಸಾರ ಮಾಡಿದ ಕಥೆಯನ್ನು ಹೇಳಬೇಕು. ಬಸ್ಸಿನಲ್ಲಿ ಪ್ರಯಾಣ ಮಾಡಿದ್ದಲ್ಲ, ಸಂಸಾರವನ್ನೇ ಮಾಡಿದ್ದು. ಒಗ್ಗರಣೆ ಹಾಕಿ, ಬಟ್ಟೆ ಒಣಗಿಸಿ, ಜಗಳವಾಡಿ.

ಮಾಜಿವಾಡಾದ ಹತ್ತಿರ ನಮ್ಮದೊಂದು ನಾಲ್ಕು ಮಹಡಿಯ ಹಳೇ ಬಿಲ್ಡಿಂಗ್ ಇತ್ತು. ಅದು ರಿಡೆವಲಪ್‌ಮೆಂಟ್‌ಗೆ ಹೋಯಿತು. ಹಳೆಯದನ್ನು ಕೆಡವಿ ಹೊಸದು ಎಬ್ಬಿಸುವ ತನಕ ಎಲ್ಲರೂ ಬೇರೆ ಕಡೆ ಇರಬೇಕು. ಪಕ್ಕದವರು ಕಳವಾಕ್ಕೆ ಹೋದರು, ಮೇಲಿನವರು ಡೊಂಬಿವಲಿಗೆ. ನನ್ನ ಯಜಮಾನರು ಮಾತ್ರ ಬಾಡಿಗೆ ಮನೆ ಹುಡುಕುವ ಬದಲು ಮೊಬೈಲಿನಲ್ಲಿ ಗಾಡಿಯೊಳಗೆ ಸಂಸಾರ ಹೂಡಿದ ಫಾರಿನಿನವರನ್ನು ನೋಡುತ್ತ ಕೂತರು. ನದಿಯ ದಡದಲ್ಲಿ ಗಾಡಿ, ಗಾಡಿಯೊಳಗೆ ಹಾಸಿಗೆ, ಹಾಸಿಗೆಯ ಮೇಲೆ ಒಂದು ನಾಯಿ. ಮೂವತ್ತು ವರ್ಷ ಇವರ ಜೊತೆ ಬಾಳಿದವಳಿಗೆ ಮುಂದಿನದು ಆಗಲೇ ಗೊತ್ತಾಗಿತ್ತು.

ಇವರು ರಬಾಳೆಯ ಒಂದು ಬಣ್ಣದ ಫ್ಯಾಕ್ಟರಿಯ ಮೇಂಟೆನನ್ಸಿನಲ್ಲಿದ್ದವರು. ಅದೇ ಹೊತ್ತಿಗೆ ರಿಟೈರಾದರು. ಇವರನ್ನು ದಿನಾ ಹೊತ್ತು ತಂದು ಬಿಡುತ್ತಿದ್ದ ಸ್ಟಾಫ್ ಬಸ್ಸೂ ಅದೇ ತಿಂಗಳು ರಿಟೈರಾಯಿತು. ಇಬ್ಬರಿಗೂ ಒಂದೇ ಹಾರ ಹಾಕಬಹುದಿತ್ತು. ಫ್ಯಾಕ್ಟರಿಯವರು ಇವರಿಗೆ ಶಾಲು ಹೊದಿಸಿದರು, ಬಸ್ಸನ್ನು ಗುಜರಿಗೆ ಹಾಕಲು ಹೊರಟರು. ಇವರು ಶಾಲಿನ ಸಮೇತ ಬಸ್ಸನ್ನೂ ಮನೆಗೆ ತಂದರು.

“ಈ ಬಸ್ಸಿನಲ್ಲಿ ಅರ್ಧ ಆಯುಷ್ಯ ಕೂತಿದ್ದೇನೆ,” ಎಂದರು. “ಇನ್ನರ್ಧ ಮಲಗಿದ್ರೆ ಎಂತ ಆಗ್ತದೆ?”

ಅರ್ಧ ಆಯುಷ್ಯ ಕೂತದ್ದೂ ಸುಳ್ಳು. ಬಸ್ಸು ಹೊರಟೊಡನೆ ಗೊರಕೆ ಹೊಡೆಯುವುದು ಇವರ ಅಭ್ಯಾಸ. ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ಗೊಣಗುವ ಮನುಷ್ಯ ರಬಾಳೆ ಬರುವ ತನಕ ಕುಂಭಕರ್ಣ. ಸೀಟುಗಳನ್ನೆಲ್ಲ ಕೀಳಿಸಿ ಹಾಸಿಗೆ, ಅಡಿಗೆ ಕಟ್ಟೆ, ನೀರಿನ ಟಾಕಿ ಕೂರಿಸಿದರು. ತಮ್ಮ ಕಿಟಕಿ ಪಕ್ಕದ ಸೀಟನ್ನು ಮಾತ್ರ ಮುಟ್ಟಗೊಡಲಿಲ್ಲ. ಆಮೇಲೂ ಅದರಲ್ಲಿ ಪೇಪರ್ ಹಿಡಿದು ಕೂತರೆ ಎರಡನೇ ಪುಟಕ್ಕೆ ನಿದ್ದೆ. ಒಂದಿಷ್ಟು ಹೊತ್ತಾದ ಮೇಲೆ ತಟಕ್ಕನೆ ಎದ್ದು ಟಿಫಿನ್ ಡಬ್ಬಿಗೆ ಕೈ ಚಾಚುತ್ತಿದ್ದರು, ರಬಾಳೆ ಬಂತೆಂದು.

ನಾನು ಒಪ್ಪಿದ್ದಕ್ಕೆ ಬೇರೆ ಕಾರಣವಿದೆ. ನಾನು ಬೆಳೆದದ್ದು ಡೊಂಬಿವಲಿಯ ಚಾಳಿನಲ್ಲಿ, ಒಂದೊಂದು ಕೋಣೆಗೆ ಒಂದೊಂದು ಸಂಸಾರದ ವಠಾರದಲ್ಲಿ. ಅಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತವರು. ನಮ್ಮದು ಒಂದೇ ಖೋಲಿ. ಅದೇ ಬೆಳಿಗ್ಗೆ ಅಡಿಗೆ ಮನೆ, ಮಧ್ಯಾಹ್ನ ಪಾಠಶಾಲೆ, ಊರಿನಿಂದ ನೆಂಟರು ಬಂದರೆ ಛತ್ರ. ಮಂಚದ ಕೆಳಗೆ ನನ್ನ ಸ್ವಂತ ಮನೆ ಇತ್ತು. ಅಮ್ಮನ ಹಳೇ ಸೀರೆ ಇಳಿಬಿಟ್ಟರೆ ಗೋಡೆ, ಬಿಸ್ಕೀಟಿನ ಡಬ್ಬ ಇಟ್ಟರೆ ಒಲೆ. ಚಾಳಿನ ಬೆನ್ನಿಗೇ ರೈಲು ಹಳಿ. ಫಾಸ್ಟ್ ಲೋಕಲ್ ಹೋದಾಗಲೆಲ್ಲ ಮನೆ ಗಡಗಡ ನಡುಗುತ್ತಿತ್ತು, ಗೋಡೆಯ ದೇವರು ಓರೆಯಾಗುತ್ತಿದ್ದರು. ಅಮ್ಮ ಏನೇ ಮಾಡುತ್ತಿದ್ದರೂ ರೈಲಿನ ಸದ್ದು ಕೇಳಿದೊಡನೆ ಒಂದು ಕೈ ಚಾಚಿ ಹಾಲಿನ ಪಾತ್ರೆಯನ್ನು ಒತ್ತಿ ಹಿಡಿಯುತ್ತಿದ್ದಳು. ಮಾತು ನಿಲ್ಲಿಸುತ್ತಿರಲಿಲ್ಲ, ಬೈಗುಳವನ್ನೂ ನಿಲ್ಲಿಸುತ್ತಿರಲಿಲ್ಲ, ಕೈ ಮಾತ್ರ ತಾನಾಗಿ ಹೋಗುತ್ತಿತ್ತು. ಮನೆ ಎಂದರೆ ಅಲ್ಲಾಡುವುದು ಎಂದೇ ತಿಳಿದು ಬೆಳೆದವಳು ನಾನು. ಬಸ್ಸು ಆ ಖೋಲಿಗಿಂತ ಉದ್ದವಿತ್ತು.

ಗೃಹಪ್ರವೇಶಕ್ಕೆ ಬಂದ ಭಟ್ಟರು ಕಕ್ಕಾಬಿಕ್ಕಿಯಾದರು. “ಇದು ಗೃಹಪ್ರವೇಶವಾ, ವಾಹನ ಪೂಜೆಯಾ? ಮಂತ್ರ ಬೇರೆ ಬೇರೆ ಉಂಟು.” ಎರಡೂ ಆಗಲಿ ಎಂದರು ಇವರು. ಹಾಗಾಗಿ ಒಳಗೆ ಒಲೆಯ ಮೇಲೆ ಹಾಲು, ಹೊರಗೆ ಗಾಲಿಯಡಿ ಲಿಂಬೆಹಣ್ಣು. ಬಸ್ಸು ಲಿಂಬೆಯ ಮೇಲೆ ಹತ್ತಿದ ಕ್ಷಣಕ್ಕೇ ಹಾಲು ಉಕ್ಕಿತು. ಉಕ್ಕಿತು ಎನ್ನುವುದಕ್ಕಿಂತ ಭಟ್ಟರ ಪಂಚೆಯ ಮೇಲೆ ಬಂತು ಎನ್ನಬೇಕು. ಒಳ್ಳೆಯ ಶಕುನ ಎಂದು ಅವರೇ ಹೇಳಿದರು, ತಣ್ಣೀರು ಹಾಕಿಕೊಳ್ಳುತ್ತ.

ಬಾಗಿಲು ಪೂರ್ವಕ್ಕೇ ಇರಬೇಕೆಂದು ನಾನು ಹಠ ಹಿಡಿದೆ. ಬಸ್ಸಿನ ಬಾಗಿಲು ಎಡಗಡೆ. ಎಡಕ್ಕೆ ಪೂರ್ವ ಬರಬೇಕಾದರೆ ಬಸ್ಸಿನ ಮುಖ ದಕ್ಷಿಣಕ್ಕೆ ಇರಬೇಕು. ದಕ್ಷಿಣ ಯಮನ ದಿಕ್ಕು. “ಹೆಂಡತಿಯ ವಾಸ್ತು ಕೇಳಿದ್ರೆ ಗಂಡ ಯಮನ ಕಡೆಗೇ ಹೋಗ್ಬೇಕು,” ಎಂದು ಇವರು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ನಾವು ಬಸ್ಸು ನಿಲ್ಲಿಸಿದ್ದು ಘೋಡಬಂದರ್ ರಸ್ತೆಯಲ್ಲಿ, ಇವರ ಗೆಳೆಯ ಶೀನಣ್ಣನ ಹೋಟೆಲಿನ ಹಿಂದಿನ ಅಂಗಳದಲ್ಲಿ. ಶೀನಣ್ಣ ಉಡುಪಿಯವರೇ, ನೀರು ಕೊಟ್ಟರು, ಕರೆಂಟು ಕೊಟ್ಟರು, ಸಾಂಬಾರಿನ ಪರಿಮಳವನ್ನು ಬೇಡವೆಂದರೂ ಕೊಟ್ಟರು. ಆದರೆ ಹೋಟೆಲಿಗೆ ನೀರು ತರುವ ಟ್ಯಾಂಕರ್ ನಿಲ್ಲುವ ಜಾಗವೂ ಅದೇ. ಅದು ಬಂದಾಗ ನಾವು ಒಂದು ಗೇಟಿನಿಂದ ಹೊರಗೆ ಹೋಗಿ, ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಬಂದು, ಇನ್ನೊಂದು ಗೇಟಿನಿಂದ ಒಳಗೆ ಬರಬೇಕು. ಸ್ವಲ್ಪ ಹಿಂದೆ ತೆಗೆದರೆ ಸಾಕಿತ್ತು. ಆದರೆ ಇವರಿಗೆ ರಿವರ್ಸ್ ಬರುವುದಿಲ್ಲ. ಹಿಂದೆ ಸರಿಯುವುದು ಇವರ ಜಾತಕದಲ್ಲೇ ಇಲ್ಲ. ಅದನ್ನು ನಾನು ಮದುವೆಯಾದ ವಾರದಲ್ಲೇ ಕಂಡುಕೊಂಡಿದ್ದೆ.

ಈ ಸುತ್ತು ಹಾಕುವಾಗ ಎಷ್ಟೋ ತಮಾಷೆ ಆಗುತ್ತಿತ್ತು. ಒಂದು ಬೆಳಿಗ್ಗೆ ಸಿಗ್ನಲಿನಲ್ಲಿ ನಿಂತಾಗ ಇಬ್ಬರು ಹೆಂಗಸರು ಬಾಗಿಲು ತೆಗೆದು ಹತ್ತಿಬಿಟ್ಟರು, ಐರೋಲಿಯ ಕಂಪನಿ ಬಸ್ಸೆಂದು. ಒಳಗೆ ನಾನು ಬೀನ್ಸ್ ಹೆಚ್ಚುತ್ತಿದ್ದೆ. ಲೋಕಲಿನಲ್ಲಿ ತರಕಾರಿ ಹೆಚ್ಚಿಕೊಂಡು ಹೋಗುವ ಊರಿನವರಲ್ಲವೇ, ಅವರಿಗೆ ಏನೂ ವಿಚಿತ್ರ ಅನ್ನಿಸಲಿಲ್ಲ. ಎದುರು ಕೂತು ಒಬ್ಬಳು ಬೀನ್ಸಿನ ನಾರು ತೆಗೆದಳು, ಇನ್ನೊಬ್ಬಳು ಬೆಳ್ಳುಳ್ಳಿ ಸುಲಿದಳು. ಮನೆ ಎಂದು ತಿಳಿದ ಮೇಲೆ ನಾಚಿಕೊಂಡು ಇಳಿದರು. ನನಗೆ ಬೇಸರವಾಯಿತು, ಇನ್ನೂ ತೆಂಗಿನಕಾಯಿ ತುರಿಯುವುದು ಬಾಕಿ ಇತ್ತು.

ನಮ್ಮ ಮಗ ಸುಹಾಸ ಐರೋಲಿಯ ಆಫೀಸಿಗೆ ಹೋಗುವವನು. ಮನೆಯ ವಿಷಯ ಯಾರಿಗೂ ಹೇಳಿರಲಿಲ್ಲ, ಒಬ್ಬಳಿಗೆ ಬಿಟ್ಟು. ಅವಳು ಭಾಗ್ಯಶ್ರೀ, ಅದೇ ಆಫೀಸಿನವಳು. ವಿಜಯಪುರದ ಕಡೆಯವರು, ಈಗ ಕಲ್ಯಾಣದಲ್ಲಿದ್ದಾರೆ. ತಂದೆ ಮಲ್ಲಪ್ಪ ಕಟ್ಟಡಗಳಿಗೆ ಸೆಂಟ್ರಿಂಗ್ ಮಾಡಿಸುತ್ತಾರೆ. ಮದುವೆಗೆ ಅವರ ಒಪ್ಪಿಗೆ ಇತ್ತು, ನಮ್ಮದೂ ಇತ್ತು. ಬಾಕಿ ಇದ್ದದ್ದು ಭಾಗ್ಯಶ್ರೀಯ ಅಜ್ಜಿ ನೀಲವ್ವಜ್ಜಿಯ ಒಂದು ಮಾತು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವರು ಅವರು. ಅವರು ಹುಡುಗನ ಮನೆ ನೋಡದೆ ಹೂಂ ಅನ್ನುವುದಿಲ್ಲ, ಅವರು ಹೂಂ ಅನ್ನದೆ ಭಾಗ್ಯಶ್ರೀ ಮದುವೆಯಾಗುವುದಿಲ್ಲ.

“ಆಂಟಿ, ಅಜ್ಜಿ ಕೀ ಏಕ್ ಹೀ ಶರ್ತ್ ಹೈ,” ಎಂದು ಭಾಗ್ಯಶ್ರೀ ನನ್ನ ಹತ್ತಿರ ಹೇಳಿದಳು. ಇಲ್ಲಿಯೇ ಹುಟ್ಟಿದ ಮಕ್ಕಳೆಲ್ಲ ಹೀಗೆ, ನಾವು ಕನ್ನಡದಲ್ಲಿ ಕೇಳಿದರೆ ಅವು ಹಿಂದಿಯಲ್ಲಿ ಹೇಳುತ್ತವೆ. ಆ ಒಂದು ಷರತ್ತನ್ನು ಮಾತ್ರ ಅವಳು ಅಜ್ಜಿಯ ಮಾತಿನಲ್ಲೇ ಹೇಳಿದಳು. “‘ಮನಿ ಸಣ್ಣದಿರಲಿ, ದೊಡ್ಡದಿರಲಿ. ಒಂದ ಕಡೆ ನಿಂತಿರಬೇಕು.’”

ನಾನು ಕಿಟಕಿಯಿಂದ ಬಗ್ಗಿ ನಮ್ಮ ಮನೆಯ ಗಾಲಿಗಳನ್ನು ನೋಡಿದೆ.

ಕಾರಣವನ್ನೂ ಅವಳೇ ಹೇಳಿದಳು. ನೀಲವ್ವಜ್ಜಿ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು. ಕೆಲಸ ನಡೆಯುವಲ್ಲೇ ತಗಡಿನ ಶೆಡ್ಡು. ಒಂದು ಕಟ್ಟಡ ಮುಗಿದರೆ ಶೆಡ್ಡು ಕಿತ್ತುಕೊಂಡು ಇನ್ನೊಂದರ ಬುಡಕ್ಕೆ. ಅರ್ಧ ಬದುಕು ಹಾಗೇ ಹೋಯಿತು. ಮೊಮ್ಮಗಳಿಗೆ ಅದು ಬೇಡ, ಇಷ್ಟೇ ಅವರ ಆಸೆ.

ಹೊಸ ಬಿಲ್ಡಿಂಗು ಏಳುವ ತನಕ ಕಾಯೋಣವೆಂದರೆ ಅದು ಇನ್ನೂ ಪಾಯದ ಹೊಂಡದಲ್ಲಿತ್ತು. ಒಂದು ದಿನಕ್ಕೆ ಶೀನಣ್ಣನ ಮನೆಯನ್ನೇ ನಮ್ಮದೆಂದು ತೋರಿಸೋಣವೆಂದರೆ ಇವರು ಕೇಳಲಿಲ್ಲ. “ಸುಳ್ಳು ಹೇಳ್ಲಿಕ್ಕಿಲ್ಲ. ಗಾಲಿ ಉಂಟಾ ಅಂತ ಅವರು ಕೇಳಿದ್ರೆ ಉಂಟು ಹೇಳುವ. ಕೇಳದಿದ್ರೆ ನಾವಾಗಿ ಯಾಕೆ ಹೇಳ್ಬೇಕು? ನಿಂತೇ ಉಂಟಲ್ಲ ಮನೆ, ನಾವು ಬಸ್ಸನ್ನು ಅಲುಗಾಡಿಸದಿದ್ರೆ ಆಯ್ತು.”

ಸರಿ, ಬಸ್ಸಿಗೆ ಮನೆಯ ವೇಷ ಹಾಕಿದೆವು. ಗಾಲಿ ಕಾಣದಂತೆ ಸುತ್ತಲೂ ನನ್ನ ಹಳೇ ಕಾಟನ್ ಸೀರೆ ಕಟ್ಟಿ ಮುಂದೆ ಹೂವಿನ ಕುಂಡ ಸಾಲಾಗಿ ಇಟ್ಟೆವು. ಬಾಗಿಲಿಗೆ ಮಾವಿನ ತೋರಣ, ಮೆಟ್ಟಿಲ ಬುಡದಲ್ಲಿ ರಂಗೋಲಿ, ಅದರ ಪಕ್ಕ ತುಳಸಿ ಕುಂಡ. ಸ್ಟೇರಿಂಗ್ ಮುಂದೆ ಪರದೆ ಇಳಿಬಿಟ್ಟು ದೇವರ ಕೋಣೆ ಎಂದೆವು. ಹಾರ್ನಿನ ಮೇಲೆ ಕೈಯಿಟ್ಟರೆ ಕಷ್ಟ ಎಂದು ಅದರ ಮೇಲೆ ಗಣಪತಿಯ ಫೋಟೋ. ಎಲ್ಲ ಮುಗಿದ ಮೇಲೆ ದೂರ ನಿಂತು ನೋಡಿದೆ. ಮದುಮಗಳ ವೇಷ ಹಾಕಿದ ಆನೆ ಕಂಡಂತಾಯಿತು.

ಭಾನುವಾರ ಮಧ್ಯಾಹ್ನ ಬಂದರು. ನೀಲವ್ವಜ್ಜಿ ಸಣ್ಣ ಜೀವ, ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ಮೆಟ್ಟಿಲು ಹತ್ತಿ ಒಳಗೆ ಬಂದು ಉದ್ದಕ್ಕೂ ಒಮ್ಮೆ ನೋಡಿದರು.

“ಮನಿ ಭಾಳ ಉದ್ದ ಐತ್ರಿ ಬಾಯಾರ,” ಎಂದರು.

“ಹೌದಜ್ಜಿ, ಗಾಳಿ ಬೆಳಕು ಚೆನ್ನಾಗಿ ಉಂಟು,” ಎಂದೆ.

“ಕಿಡಕಿ ಎಷ್ಟ ಅದಾವು. ಒಂದೊಂದು ಮನ್ಯಾಗ ಎರಡ ಇರೂದಿಲ್ಲ.”

ಸುಹಾಸ ಮಲ್ಲಪ್ಪನವರನ್ನು ಕಾಫಿಗೆಂದು ಹೋಟೆಲಿಗೆ ಕರೆದುಕೊಂಡು ಹೋದ. ಒಳಗೆ ನಾನು, ಭಾಗ್ಯಶ್ರೀ, ಅಜ್ಜಿ. ಇವರು ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದರು. ಚಹಾ ಕೊಟ್ಟೆ, ಅವಲಕ್ಕಿ ಕೊಟ್ಟೆ. ಎಲ್ಲ ಸುಸೂತ್ರವಾಗಿ ನಡೆಯಿತು ಎಂದುಕೊಳ್ಳುವಷ್ಟರಲ್ಲಿ ಹೊರಗೆ ಹಾರ್ನ್ ಕೇಳಿತು. ನೀರಿನ ಟ್ಯಾಂಕರ್. ಬೆಳಿಗ್ಗೆ ಬರಬೇಕಾದದ್ದು ಅವತ್ತು ಬರದೆ ಈಗ ಬಂದಿತ್ತು. ಭಾನುವಾರದ ಹೋಟೆಲು, ಒಳಗೆ ಪಾತ್ರೆ ತೊಳೆಯಲು ನೀರಿಲ್ಲ, ಟ್ಯಾಂಕರಿನವನು ಹಾರ್ನಿನಿಂದ ಕೈ ತೆಗೆಯಲಿಲ್ಲ.

ಇವರು ನನ್ನ ಕಿವಿಯ ಹತ್ತಿರ ಬಗ್ಗಿ ತುಳುವಿನಲ್ಲಿ, “ಒಂತೆ ದುಂಬು ಕೊನೊಪೆ,” ಎಂದರು. ಸ್ವಲ್ಪ ಮುಂದಕ್ಕೆ ಒಯ್ಯುತ್ತಾರಂತೆ. ಗೊತ್ತೇ ಆಗದ ಹಾಗೆ ಒಂದು ಸುತ್ತು ಹಾಕಿ ತರುತ್ತಾರಂತೆ. ನಾನು ಕಣ್ಣು ಬಿಡುವಷ್ಟರಲ್ಲಿ ಗಾಲಿಗಿಟ್ಟ ಮರದ ತುಂಡುಗಳನ್ನು ಕಿತ್ತು ಒಳಗೆಸೆದು ದೇವರ ಕೋಣೆಗೆ ಹೋಗಿ ಪರದೆ ಎಳೆದುಕೊಂಡರು.

“ನಿಮ್ಮ ಯಜಮಾನ್ರು ಪೂಜಿಗೆ ಕುಂತರೇನು?” ಎಂದರು ನೀಲವ್ವಜ್ಜಿ.

“ಹೌದಜ್ಜಿ,” ಎಂದೆ. ದೇವರ ಕೋಣೆಯಿಂದ ಇಂಜಿನ್ ಶುರುವಾದ ಸದ್ದು ಬಂತು.

ಕುಂಡಗಳು ಒಂದೊಂದಾಗಿ ಉರುಳಿದವು. ಅಜ್ಜಿ ಕಿಟಕಿಯ ಕಡೆ ನೋಡುತ್ತಿದ್ದರು.

“ಯವ್ವಾ, ಆ ಗಿಡ ಯಾಕ ಹೊಂಟೈತಿ?”

“ಗಾಳಿ ಜೋರು ಉಂಟಜ್ಜಿ.”

“ಗಾಳಿಗೆ ಬಿಲ್ಡಿಂಗೂ ಹೊಂಟೈತೇನು?”

ಭಾಗ್ಯಶ್ರೀ ಮುಖಕ್ಕೆ ದುಪಟ್ಟಾ ಒತ್ತಿಕೊಂಡಳು. ಅಳುತ್ತಾಳೋ ನಗುತ್ತಾಳೋ ನನಗೆ ಗೊತ್ತಾಗಲಿಲ್ಲ. ನನಗಂತೂ ಅಳು ಬಂದಿತ್ತು. ನನ್ನ ಮಗನ ಮದುವೆ ಸೀರೆಯ ಅಂಚು ಎಳೆದುಕೊಂಡು ಘೋಡಬಂದರ್ ರಸ್ತೆಯಲ್ಲಿ ಹೋಗುತ್ತಿತ್ತು. ಇನ್ನು ಮುಚ್ಚಿಡುವುದೇನು ಎಂದು ಅಜ್ಜಿಯ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. ಹಳೇ ಬಿಲ್ಡಿಂಗು, ಹೊಸ ಹೊಂಡ, ಫಾರಿನಿನ ನಾಯಿ, ಎಲ್ಲ. ಉರುಳಿ ಬಂದು ಕಾಲಿಗೆ ಬಡಿದ ಮರದ ತುಂಡನ್ನು ಅಜ್ಜಿ ಎತ್ತಿ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು. ಆ ಮೌನಕ್ಕೆ ನಾನು ಹೆದರಿದಷ್ಟು ಟ್ಯಾಂಕರಿನ ಹಾರ್ನಿಗೂ ಹೆದರಿರಲಿಲ್ಲ.

ಸರ್ವಿಸ್ ರಸ್ತೆ ಅಗೆದಿದ್ದರು. ಸುತ್ತು ಹಾಕುವುದು ಸಾಧ್ಯವಾಗಲಿಲ್ಲ. ದೊಡ್ಡ ರಸ್ತೆಗೆ ಬಂದರೆ ತಿರುಗಿಸಲು ಜಾಗವಿಲ್ಲ. ಮಾಜಿವಾಡಾದಲ್ಲಿ ಪೊಲೀಸ್ ಸೀಟಿ ಊದಿ ಮುಂದೆ ಮುಂದೆ ಎಂದ. ಮುಂದೆ ಹೋಗುವುದೊಂದೇ ಬರುವ ನನ್ನ ಗಂಡನಿಗೆ ಅದಕ್ಕಿಂತ ಸಿಹಿಯಾದ ಮಾತು ಯಾವುದಿದೆ?

ಅಲ್ಲೇ ಸಿಗ್ನಲಿನಲ್ಲಿ ನಿಂತಾಗ ಬ್ಯಾಗು ಹಿಡಿದ ಒಬ್ಬ ಮನುಷ್ಯ ಬಾಗಿಲು ತಳ್ಳಿ ಒಂದು ಕಾಲು ಒಳಗಿಟ್ಟು, “ಭಿವಂಡಿ ಜಾಯೇಗಾ ಕ್ಯಾ?” ಎಂದ.

ನೀಲವ್ವಜ್ಜಿ ಕೂತಲ್ಲಿಂದಲೇ ಕೈಯೆತ್ತಿದರು. “ಏ ತಮ್ಮಾ, ಮನಿ ಐತಿದು, ಗಾಡಿ ಅಲ್ಲ. ಚಪ್ಪಲಿ ಹಾಕ್ಕೊಂಡು ಒಳಗ ಬರ್ತಿಯಲ್ಲ. ಹೊರಗ ನಡಿ.”

ಅವನಿಗೆ ಕನ್ನಡ ತಿಳಿಯಲಿಲ್ಲ, ಆದರೆ ಅಜ್ಜಿಯ ಕೈ ತಿಳಿಯಿತು. ಇಳಿದು ಹೋದ. ನಾನು ಅವರ ಮುಖ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು.

ಸಿಗ್ನಲ್ ಬಿಟ್ಟಿತು, ಬಸ್ಸು ಗಕ್ಕನೆ ಜಗ್ಗಿತು. ಕಟ್ಟೆಯ ಮೇಲೆ ಹಾಲಿನ ಪಾತ್ರೆ ಇತ್ತು. ನಾನು ಕೈ ಚಾಚಿ ಒತ್ತಿ ಹಿಡಿದೆ. ನನ್ನ ಕೈಯ ಮೇಲೆ ಇನ್ನೊಂದು ಕೈ ಬಿತ್ತು, ಒರಟು, ಸುಕ್ಕಾದದ್ದು. ನೀಲವ್ವಜ್ಜಿಯೂ ಅದೇ ಕ್ಷಣಕ್ಕೆ ಕೈ ಚಾಚಿದ್ದರು.

“ನಿಮಗೂ ಈ ಚಟ ಐತೇನು?” ಎಂದರು.

“ಚಾಳಿನದು ಅಜ್ಜಿ. ರೈಲು ಹೋಗ್ತಿತ್ತು.”

“ನಮ್ಮದು ಮಿಕ್ಸರಿಂದು. ಕಾಂಕ್ರೀಟ್ ಕಲಸೂ ಮಿಶನ್ ಇರತಿತ್ತಲ್ಲ, ಶೆಡ್ಡಿನ ಮಗ್ಗಲಾಗ. ಅದು ತಿರಗಾಕ ಹತ್ತಿದ್ರ ಗಂಜಿ ಚೆಲ್ಲತಿತ್ತು.”

ಆಮೇಲೆ ಅವರಾಗಿಯೇ ಮಾತಾಡಿದರು. “ಬಿಲ್ಡಿಂಗ್ ಏಳತಿತ್ತು, ನಮ್ಮ ಶೆಡ್ಡು ಬೀಳತಿತ್ತು. ಕೂಸು ಬಗಲಾಗ, ಗಂಟು ತಲಿಮ್ಯಾಲ, ಒಲಿ ಕಲ್ಲು ಚೀಲದಾಗ. ಹೊಸಾ ಊರಾಗ ಕಲ್ಲು ಸಿಗೂದಿಲ್ಲಂತ ಅಲ್ಲ. ನನ್ನ ಒಲಿ ನನಗ ಬೇಕಾಗತಿತ್ತು.” ಚಹಾದ ಲೋಟ ಕೆಳಗಿಟ್ಟು, “ಜೀವಮಾನದಾಗ ಮನಿ ಬದಲಿ ಮಾಡೋವಾಗ ಕುಂತು ಚಾ ಕುಡದಿದ್ದು ಇದೇ ಮೊದಲು,” ಎಂದರು.

ಪರದೆಯ ಹಿಂದಿನಿಂದ ಇವರ ದನಿ ಬಂತು. “ಅಜ್ಜಿ, ತಿರುಗಿಸ್ಲಿಕ್ಕೆ ಜಾಗ ಇಲ್ಲ. ಎಂತ ಮಾಡುವ?”

“ಹಂಗಾರ ನಮ್ಮನಿ ಕಡೆನ ನಡೀರಿ,” ಎಂದರು ನೀಲವ್ವಜ್ಜಿ. “ನಾವು ನಿಮ್ಮನಿ ನೋಡಾಕ ಬಂದಿವಿ. ನಿಮ್ಮನಿನೂ ನಮ್ಮನಿ ನೋಡಲಿ.”

ಹೀಗೆ ಮನೆ ನೋಡುವ ಶಾಸ್ತ್ರಕ್ಕೆ ಮನೆಯೇ ಹೊರಟಿತು. ಭಿವಂಡಿ ಬೈಪಾಸ್ ಹಿಡಿದು, ದುರ್ಗಾಡಿಯ ಸೇತುವೆ ದಾಟಿ ಕಲ್ಯಾಣ. ದಾರಿಯಲ್ಲಿ ಅಜ್ಜಿ ಎರಡನೇ ಸಲ ಅವಲಕ್ಕಿ ಕೇಳಿ ಹಾಕಿಸಿಕೊಂಡರು. ಅಷ್ಟರಲ್ಲಿ ಅತ್ತ ಹೋಟೆಲಿನಿಂದ ಹೊರಗೆ ಬಂದ ಮಲ್ಲಪ್ಪನವರಿಗೂ ಸುಹಾಸನಿಗೂ ಮನೆ ಕಾಣಲಿಲ್ಲ. ರಂಗೋಲಿ ಇತ್ತು, ತುಳಸಿ ಇತ್ತು, ಮನೆ ಇರಲಿಲ್ಲ. ಭಾಗ್ಯಶ್ರೀ ಫೋನಿನಲ್ಲಿ ವಿಷಯ ಹೇಳಿದ ಮೇಲೆ ಇಬ್ಬರೂ ಲೋಕಲ್ ಹತ್ತಿ ಬಂದರು. ತುಳಸಿಯನ್ನು ಬಿಟ್ಟು ಬರಬಾರದೆಂದು ಮಲ್ಲಪ್ಪನವರು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಭಾನುವಾರದ ಗದ್ದಲದಲ್ಲೂ ಯಾರೋ ಎದ್ದು ಸೀಟು ಕೊಟ್ಟರಂತೆ, ಅವರಿಗಲ್ಲ, ತುಳಸಿಗೆ.

ಕಲ್ಯಾಣದಲ್ಲಿ ಅವರ ಗಲ್ಲಿಯ ಬಾಯಿಗೆ ಬಸ್ಸು ನಿಂತಿತು. ಯಾರನ್ನೂ ಇಳಿಯಗೊಡದೆ ನೀಲವ್ವಜ್ಜಿ ತಾವೇ ಮೊದಲು ಇಳಿದು ಮಡಿಲಲ್ಲಿದ್ದ ಮರದ ತುಂಡನ್ನು ಗಾಲಿಗೆ ಒತ್ತಿಟ್ಟರು. ಕಾಲಿನಿಂದ ಎರಡು ಸಲ ಗುದ್ದಿ ನೋಡಿದರು. ಆಮೇಲೆ, “ಇಳೀರಿ,” ಎಂದರು.

ನಾವು ಹೊರಡುವಾಗ ಅವರು ಒಳಗಿನಿಂದ ತಟ್ಟೆ ಹಿಡಿದು ಬಂದರು. ಅಕ್ಕಿ, ತೆಂಗಿನಕಾಯಿ, ವೀಳ್ಯ, ಹಸಿರು ರವಿಕೆ ಖಣ. ಅವರ ಕಡೆ ಮನೆಗೆ ಬಂದ ಹೆಣ್ಣುಮಕ್ಕಳಿಗೆ ಹೊರಡುವಾಗ ಉಡಿ ತುಂಬುತ್ತಾರೆಂದು ನನಗೆ ಗೊತ್ತಿತ್ತು. ನಾನು ಸೆರಗು ಒಡ್ಡಿ ನಿಂತೆ. ನನಗೆ ತುಂಬಿದರು. ತಟ್ಟೆಯಲ್ಲಿ ಇನ್ನೊಂದು ಖಣ, ಇನ್ನೊಂದು ಕಾಯಿ ಉಳಿದಿತ್ತು. ಅದನ್ನು ಹಿಡಿದು ಬಸ್ಸು ಹತ್ತಿದರು. ಪರದೆ ಸರಿಸಿ, ಕಾಯಿ ಅಕ್ಕಿಗಳನ್ನು ಖಣದಲ್ಲಿ ಗಂಟು ಕಟ್ಟಿ ಸ್ಟೇರಿಂಗಿಗೆ ಬಿಗಿದರು. ಅರಿಶಿನ ಕುಂಕುಮ ಹಚ್ಚಿದರು.

“ಅಜ್ಜಿ, ಯೇ ಕ್ಯಾ ಕರ್ ರಹೀ ಹೋ?” ಎಂದಳು ಭಾಗ್ಯಶ್ರೀ.

“ಮನಿಗೆ ಬಂದಾಕಿನ್ನ ಬರೇ ಉಡಿಲೆ ಕಳಸ್ತಾರೇನು? ಇದು ಮನಿಗೆ ಬಂದ ಮನಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಹೋಗಿ ಬರ್ರಿ ಬೀಗತಿ,” ಎಂದರು.

ಮಧ್ಯಾಹ್ನದಿಂದ ಬಾಯಾರ ಎನ್ನುತ್ತಿದ್ದವರು. ಅವರ ಹೂಂ ಬಂದಿತ್ತು. ಆ ಗಲ್ಲಿಯಲ್ಲಿ, ಅರ್ಧ ಕಲ್ಯಾಣ ನೋಡುತ್ತಿರುವಾಗ, ಅವರ ಕಾಲು ಮುಟ್ಟಿದೆ. ಗಾಲಿಯಿಂದ ಅವರೇ ಕಿತ್ತುಕೊಂಡ ಮರದ ತುಂಡನ್ನು ವಾಪಸು ಕೇಳಲು ಹೋದ ಇವರಿಗೆ, “ಇದು ನನ್ನ ಹಂತ್ಯಾಕ ಇರಲಿ,” ಎಂದರು. ಯಾಕೆ ಎಂದು ಕೇಳುವ ಧೈರ್ಯ ಇವರಿಗಿರಲಿಲ್ಲ. ಆ ಬಸ್ಸನ್ನು ಗಲ್ಲಿಯಿಂದ ಹಿಂದೆ ತೆಗೆಯಲು ಓಣಿಯವರೆಲ್ಲ ಸೇರಿ ತಳ್ಳಬೇಕಾಯಿತು. ಅದನ್ನು ಇಲ್ಲಿ ವಿವರಿಸಿದರೆ ಇವರು ಊಟ ಬಿಡುತ್ತಾರೆ.

ಮದುವೆಯಾಯಿತು. ಸೊಸೆ ಒಂದಷ್ಟು ಕಾಲ ಬಸ್ಸಿನಲ್ಲೇ ಬಾಳಿದಳು, ಅತ್ತೆ ಸೊಸೆ ಮುಖ ತಿರುಗಿಸಿಕೊಳ್ಳಲೂ ಜಾಗವಿಲ್ಲದ ಕಾರಣ ನಮಗೆ ಜಗಳ ಅಭ್ಯಾಸವಾಗಲಿಲ್ಲ. ಹೊಸ ಬಿಲ್ಡಿಂಗ್ ಎದ್ದಿತು. ಬಸ್ಸು ಶೀನಣ್ಣನ ಹೋಟೆಲಿನ ಹಿಂದೆಯೇ ಉಳಿದು ಫ್ಯಾಮಿಲಿ ರೂಮ್ ಆಗಿದೆ. ಇವರ ಸೀಟಿನಲ್ಲಿ ಕೂತವರಿಗೆಲ್ಲ ದೋಸೆ ಬರುವ ಮೊದಲು ನಿದ್ದೆ ಬರುತ್ತದಂತೆ.

ಈ ಫ್ಲ್ಯಾಟಿಗೆ ನೀಲವ್ವಜ್ಜಿ ಮೊದಲ ಸಲ ಬಂದ ದಿನ ಲಿಫ್ಟಿನಲ್ಲಿ ಉದ್ದಕ್ಕೂ ಮೊಮ್ಮಗಳ ಕೈ ಹಿಡಿದಿದ್ದರು. ಹಾಲ್‌ಗೆ ಬಂದವರು ಕೂರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದರು. ಆಮೇಲೆ ಚೀಲಕ್ಕೆ ಕೈ ಹಾಕಿ ಆ ಮರದ ತುಂಡನ್ನು ಹೊರಗೆ ತೆಗೆದರು. ಬಗ್ಗಿ ಗೋಡೆಗೆ ಒತ್ತಿಟ್ಟು ಕಾಲಿನಿಂದ ಎರಡು ಸಲ ಗುದ್ದಿದರು.

“ಅಜ್ಜಿ,” ಎಂದರು ಇವರು ನಗುತ್ತ, “ಇದು ಬಿಲ್ಡಿಂಗ್. ಇದು ಹೋಗುದಿಲ್ಲ.”

“ಆ ಗಾಡಿಗೆ ಬ್ರೇಕ್ ಆದ್ರೂ ಇತ್ತು,” ಎಂದರು ನೀಲವ್ವಜ್ಜಿ. “ಇದಕ್ಕೇನೈತಿ?”

ಅಜ್ಜಿ ಮೊಮ್ಮಗಳನ್ನು ಪಕ್ಕಕ್ಕೆ ಕರೆದುಕೊಂಡು, ಈಗ ಸಮಾಧಾನವಾಗಿ ಸೋಫಾದಲ್ಲಿ ಕೂತರು. ನಾನು ಚಹಾ ಇಡಲು ಒಳಗೆ ಹೋದೆ, ಹಾಲಿನ ಪಾತ್ರೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡೇ.